ಒಂದು ಚೀಲ ಕನ್ನೆ

ಮನುಷ್ಯ ಎಂದಮೇಲೆ ಒಂದು ಚಪಲ ಇದ್ದೇ ಇರುತ್ತದೆ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಪಕ್ಕದ ಮನೆಯ ಜಗಳ ಕೇಳುವುದು. ಇವನ್ನೆಲ್ಲ ಒಪ್ಪಿಕೊಳ್ಳುವುದರಲ್ಲಿ ಒಂದು ಗತ್ತಾದರೂ ಇದೆ. ನನ್ನ ಚಪಲವನ್ನು ಬಾಯಿಬಿಟ್ಟು ಹೇಳಿದರೆ ಎದುರಿಗಿದ್ದವರು ಮೊದಲು ಸುಮ್ಮನಾಗುತ್ತಾರೆ, ಆಮೇಲೆ ಕನಿಕರದಿಂದ ನೋಡುತ್ತಾರೆ. ನನ್ನದು ಸೊಪ್ಪಿನ ಚಪಲ. ಅದೂ ಸಂತೆಯಲ್ಲಿ ಕಂತೆ ಕಟ್ಟಿ ನೀರು ಚಿಮುಕಿಸಿ ಮಾರುವ ಮರ್ಯಾದಸ್ಥ ಸೊಪ್ಪಾದರೆ ಹೇಗೋ ಮಾನ ಉಳಿಯುತ್ತಿತ್ತು. ಯಾರೂ ಬಿತ್ತದೆ, ಯಾರೂ ನೀರೆರೆಯದೆ, ಬದುವಿನಲ್ಲಿ, ಕಾಲುವೆಯ ಅಂಚಿನಲ್ಲಿ, ತಿಪ್ಪೆಯ ಮಗ್ಗುಲಲ್ಲಿ ತಾನಾಗಿ ಹುಟ್ಟುವ ಸೊಪ್ಪು ಕಂಡರೆ ನನ್ನ ಕಾಲು ನಿಂತುಬಿಡುತ್ತದೆ. ಜೊತೆಯಲ್ಲಿ ಬಂದವರು ಅರ್ಧ ಫರ್ಲಾಂಗು ಮುಂದೆ ಹೋಗಿ, ಇಷ್ಟು ಹೊತ್ತು ತಾವು ಗಾಳಿಯೊಡನೆ ಮಾತಾಡುತ್ತಿದ್ದೆವೆಂದು ತಿಳಿದು, ತಿರುಗಿ ಬಂದು ನನ್ನನ್ನು ಕರೆದುಕೊಂಡು ಹೋಗಬೇಕು.

ಅಂಥ ಸೊಪ್ಪುಗಳಲ್ಲೆಲ್ಲ ನನಗೆ ಪ್ರಾಣವಾದದ್ದು ಕನ್ನೆ ಸೊಪ್ಪು. ಮಳೆ ಬಿದ್ದ ಹದಿನೈದು ದಿನಕ್ಕೆ ನೆಲ ಕಾಣದಂತೆ ಹಬ್ಬುವ, ಮುರಿದರೆ ನೀರು ಜಿನುಗುವ, ಸಣ್ಣಗೆ ರೋಮವಿರುವ ಮೆತ್ತನೆಯ ಎಲೆ. ಅದರ ಹೂವು ಕಿರುಬೆರಳಿನ ಉಗುರಿನಷ್ಟು. ನೀಲಿ ಎಂದರೆ ಎಂಥ ನೀಲಿ! ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಅರಳುತ್ತದೆ, ಮಧ್ಯಾಹ್ನ ಹುಡುಕಿದರೆ ಸಿಗುವುದಿಲ್ಲ. ಆ ಜಾಗದಲ್ಲಿ ಒಂದು ತೊಟ್ಟು ನೀಲಿ ನೀರು ಮಾತ್ರ ಇರುತ್ತದೆ. ಚನ್ನಗಿರಿ ಸೀಮೆಯ ಕೆರೆಬಿಳಚಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನೂ ನಮ್ಮ ಗಿರಿಜಕ್ಕನೂ ಚಿಕ್ಕವರಿದ್ದಾಗ ಆ ಬಣ್ಣ ಎಲ್ಲಿಗೆ ಹೋಗುತ್ತದೆ ಎಂದು ಕಾಲುವೆಯ ಏರಿಯ ಮೇಲೆ ಕೂತು ವಾದಿಸುತ್ತಿದ್ದೆವು. ಮಧ್ಯಾಹ್ನದ ಮೇಲೆ ಆಕಾಶ ಜಾಸ್ತಿ ನೀಲಿಯಾಗುತ್ತದಲ್ಲ, ಅಲ್ಲಿಗೇ ಹೋಗುತ್ತದೆ ಎಂದು ಅಕ್ಕ ಹೇಳುತ್ತಿದ್ದಳು. ನಾನು ಮಲಗಿಕೊಂಡು ಆಕಾಶ ನೋಡುತ್ತಿದ್ದೆ. ನಮ್ಮವ್ವ ಕೊಯ್ಯಲು ಕಳಿಸಿದ ಸೊಪ್ಪು ಹಾಗೇ ಉಳಿಯುತ್ತಿತ್ತು. ಕೊನೆಗೆ ಅಕ್ಕನೇ ಎರಡು ಮಡಿಲು ಕೊಯ್ದು, ಒಂದನ್ನು ನನ್ನ ಲೆಕ್ಕಕ್ಕೆ ಹೇಳಿ ಒದೆ ತಪ್ಪಿಸುತ್ತಿದ್ದಳು. ಅವ್ವ ಅದನ್ನು ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಬೇಯಿಸಿ ಮಸೆದು ಬಿಸಿ ರೊಟ್ಟಿಯ ಮೇಲೆ ಸುರಿದರೆ, ಊಟ ಮುಗಿದ ಮೇಲೂ ಒಂದು ಗಳಿಗೆ ಬೆರಳು ಬಾಯಿಂದ ಆಚೆ ಬರುತ್ತಿರಲಿಲ್ಲ.

ಇಷ್ಟು ಹೇಳಿದ್ದರಿಂದ ನನ್ನ ತಲೆಯಲ್ಲಿ ಕನ್ನೆ ಎಂಬ ಎರಡಕ್ಷರ ಎಷ್ಟು ಆಳಕ್ಕೆ ಬೇರು ಬಿಟ್ಟಿತ್ತೆಂದು ನಿಮಗೆ ತಿಳಿದಿರಬೇಕು. ತಿಳಿಯದಿದ್ದರೆ ಮುಂದಿನದಕ್ಕೆ ನನ್ನನ್ನು ಕ್ಷಮಿಸುವುದು ಕಷ್ಟ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತೇಳು. ನ್ಯಾಮತಿಯಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್ ಆಗಿದ್ದೆ. ಬಾಷಾ ಸಾಹೇಬರೆಂಬ ದರ್ಜಿಯ ಮನೆಯ ಮುಂಭಾಗದ ಒಂದು ಕೋಣೆಯಲ್ಲಿ ನನ್ನ ವಾಸ. ಅಕ್ಕನನ್ನು ಜಗಳೂರಿಗೆ ಕೊಟ್ಟು ಆರು ವರ್ಷವಾಗಿತ್ತು. ಭಾವ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಅಕ್ಕ ಆಗ ಬಸುರಿ, ಆರೇಳು ತಿಂಗಳು. ಅವ್ವ ತೀರಿಕೊಂಡಿದ್ದರಿಂದ ನನ್ನ ಪಾಲಿಗೆ ಅವ್ವನೂ ಅವಳೇ. ತಿಂಗಳಿಗೊಂದು ಕಾರ್ಡು ಬರೆದು ಬುದ್ಧಿ ಹೇಳುತ್ತಿದ್ದಳು. ನಾಲ್ಕನೇ ಇಯತ್ತೆಯವರೆಗೆ ಓದಿದ ಅಕ್ಕನಿಗೂ ಒತ್ತಕ್ಷರಗಳಿಗೂ ಹಳೆಯ ವೈರ. ಹೇಗೆ ಮಾತಾಡುತ್ತಿದ್ದಳೋ ಹಾಗೇ ಬರೆಯುತ್ತಿದ್ದಳು, ಹಾಗಾಗಿ ಅವಳ ಕಾರ್ಡನ್ನು ಓದುವುದೆಂದರೆ ಅವಳ ದನಿ ಕೇಳಿದಂತೆಯೇ. ಕಾರ್ಡು ಎಂದಮೇಲೆ ಮೊದಲು ಪೋಸ್ಟ್‌ಮ್ಯಾನ್ ಓದುತ್ತಿದ್ದ, ಆಮೇಲೆ ಬಾಷಾ ಸಾಹೇಬರು ಓದುತ್ತಿದ್ದರು, ಕೊನೆಗೆ ವಿಳಾಸದಲ್ಲಿ ಹೆಸರಿದ್ದವನ ಸರದಿ. ಇದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ.

ಆ ಸಲದ ಕಾರ್ಡು ಹೀಗಿತ್ತು: "ತಮ್ಮಗೆ ಅಕ್ಕನ ಆಸಿರ್ವಾದ. ಹೊನ್ನಾಳಿ ಕಡೆ ಒಳ್ಳೆ ಕನ್ನೆ ಐತಂತೆ. ಬರೋ ಆದಿತ್ಯವಾರ ಹೋಗಿ ನೋಡು. ಗೊತ್ತಿರೋ ಹಾಲೇಶಪ್ಪ ಬಂದು ನಿನ್ನ ಕರಕೊಂಡು ಹೋಗ್ತಾರೆ. ಮನಸಿಗೆ ಬಂದ್ರೆ ಬಿಡಬ್ಯಾಡ. ನನಗೆ ದಿನ ಹತ್ರ ಬರಾಕೆ ಹತ್ತಿದಾವೆ, ಆಮೇಲೆ ನನ್ನ ಕೈಲಿ ಆಗಾಕಿಲ್ಲ. ನೋಡಿದ ಮ್ಯಾಲೆ ಸೀದಾ ಇಲ್ಲಿಗೆ ಬಾ."

ಓದಿ ನನ್ನ ಕಣ್ಣು ತುಂಬಿ ಬಂತು. ಜಗಳೂರು ಮೊದಲೇ ಬೆಂಗಾಡು. ಆ ವರ್ಷ ಅಲ್ಲಿ ಮಳೆಯೂ ತಡವಾಗಿತ್ತು. ಹಸಿರು ಕಾಣದ ಊರಿನಲ್ಲಿ ಕೂತು, ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು, ಅಕ್ಕ ನಮ್ಮ ಕಾಲುವೆಯ ಏರಿಯ ಕನ್ನೆ ಸೊಪ್ಪನ್ನು ನೆನೆಸಿಕೊಂಡಿದ್ದಾಳೆ. ಅದು ಎಲ್ಲಿ ಸಿಗುತ್ತದೆಂದು ಯಾರಿಂದಲೋ ವಿಚಾರಿಸಿದ್ದಾಳೆ. ದಿನ ಹತ್ತಿರ ಬಂದ ಮೇಲೆ ಇಂಥದ್ದು ತಿನ್ನಲು ಕೊಡುವುದಿಲ್ಲವಲ್ಲ, ಅದಕ್ಕೇ ಈ ಅವಸರ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಅವ್ವ ಹೇಳುತ್ತಿದ್ದಳು. ನನ್ನ ಸೋದರಳಿಯನೋ ಸೊಸೆಯೋ ಜೀವಮಾನವಿಡೀ ಕಿವಿಗೆ ಹತ್ತಿ ಇಟ್ಟುಕೊಂಡು ತಿರುಗುವ ಚಿತ್ರ ನನ್ನ ಕಣ್ಣಮುಂದೆ ಬಂತು. ಎರಡು ಮಡಿಲು ಕೊಯ್ದು ಒಂದನ್ನು ನನ್ನದೆಂದು ಹೇಳಿದವಳ ಋಣ ತೀರಿಸುವ ದಿನ ಬಂದಿದೆ ಎಂದುಕೊಂಡೆ.

ಬಾಷಾ ಸಾಹೇಬರು ಮಾತ್ರ ಮಷೀನಿನ ಮೇಲಿಂದ ತಲೆಯೆತ್ತಿ ನಗುತ್ತಿದ್ದರು. "ಏನ್ ಕಾಂಪೌಂಡ್ರೇ, ಒಳ್ಳೇ ಸುದ್ದಿ ಬಂದೈತಲ್ಲ! ಆದಿತ್ಯವಾರ ಈ ಮಾಸಿದ ಅಂಗಿ ಹಾಕ್ಕೊಂಡು ಹೋಗಬ್ಯಾಡ್ರಿ. ನಿಮ್ಮ ಅಳತೇದು ಒಂದು ಹೊಲ್ದು ಕೊಡ್ತೀನಿ."

"ಅಲ್ಲಿ ಕೆಸರು ಇರ್ತದೆ ಸಾಹೇಬರೇ, ಹೊಸ ಅಂಗಿ ಯಾಕೆ?" ಎಂದೆ.

"ಕೆಸರಿರ್ಲಿ, ಮೊಸರಿರ್ಲಿ, ಇಂಥ ಕೆಲಸಕ್ಕೆ ಹೊಸ ಅಂಗೀನೇ ಸೈ" ಎಂದು ಅವರು ಟೇಪು ಹಿಡಿದು ಎದ್ದೇಬಿಟ್ಟರು. ಒಂದು ಸೊಪ್ಪಿಗೆ ಇಷ್ಟು ಗೌರವ ಕೊಡುವ ಮನುಷ್ಯ ಇದೇ ಸೂರಿನ ಕೆಳಗಿದ್ದರೂ ಇಷ್ಟು ದಿನ ನನಗೆ ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆದಿತ್ಯವಾರ ಬೆಳಿಗ್ಗೆ ಹಾಲೇಶಪ್ಪ ಬಂದರು. ಭಾವನ ದೂರದ ನೆಂಟರು, ಜಗಳೂರು ಕಡೆಯವರು, ಹೊನ್ನಾಳಿಯಲ್ಲಿ ಭತ್ತದ ವ್ಯಾಪಾರ. ಬಿಳಿ ಪಂಚೆ, ಕೈಯಲ್ಲಿ ಕೊಡೆ, ಹಣೆಯಲ್ಲಿ ವಿಭೂತಿ. "ಹೊರಡಾಣೇನ್ರೀ? ಕನ್ನೆ ನೋಡಾಕೆ ತಡ ಮಾಡಬಾರದು. ಹತ್ತರೊಳಗೆ ಒಳ್ಳೇ ಹೊತ್ತು ಐತೆ" ಎಂದರು. ನನಗೆ ಅವರ ಮೇಲೆ ಗೌರವ ಹುಟ್ಟಿತು. ಹತ್ತರೊಳಗೆ ಕೊಯ್ದ ಸೊಪ್ಪು ಬೇಗ ಬಾಡುವುದಿಲ್ಲವೆಂಬುದು ಬಲ್ಲವರಿಗೆ ಮಾತ್ರ ಗೊತ್ತಿರುವ ಸಂಗತಿ. ನಾನು ಸೋಮವಾರಕ್ಕೆ ರಜಾಚೀಟಿ ಬರೆದಿಟ್ಟು, ಹೊಸ ಅಂಗಿ ತೊಟ್ಟು, ದೊಡ್ಡದೊಂದು ಬಟ್ಟೆ ಚೀಲವನ್ನೂ ಒದ್ದೆ ಮಾಡಿದ ಟವೆಲ್ಲನ್ನೂ ಹಿಡಿದು ಹೊರಬಿದ್ದೆ.

"ಚೀಲ ಯಾಕ್ರೀ?" ಎಂದರು ಹಾಲೇಶಪ್ಪ.

"ಮನಸ್ಸಿಗೆ ಬಂದರೆ ಇವತ್ತೇ ಜಗಳೂರಿಗೆ ಒಯ್ಯೋಣ ಅಂತ."

ಹಾಲೇಶಪ್ಪ ರಸ್ತೆಯಲ್ಲೇ ನಿಂತು ಹೊಟ್ಟೆ ಕುಲುಕಿಸಿ ನಕ್ಕರು. "ಭಾಳ ಅವಸರದಾಗಿದೀರಿ ಬಿಡ್ರಿ! ಶಾಸ್ತ್ರ ಗೀಸ್ತ್ರ ಏನೂ ಬ್ಯಾಡೇನು?"

"ಶಾಸ್ತ್ರ ಯಾಕೆ? ಬೇರು ಬಿಟ್ಟು ಮೇಲೆ ಚಿವುಟಿಕೊಂಡರಾಯಿತು" ಎಂದು ನಾನು ಹೇಳಿದ್ದು ಬಸ್ಸು ಬಂದು ನಿಂತ ಗದ್ದಲದಲ್ಲಿ ಅವರಿಗೆ ಕೇಳಲಿಲ್ಲ. ಕೇಳಿದ್ದಿದ್ದರೆ ಇಬ್ಬರೂ ಅಲ್ಲಿಂದಲೇ ಮನೆಗೆ ವಾಪಸಾಗುತ್ತಿದ್ದೆವು.

ಹೊನ್ನಾಳಿಯಲ್ಲಿ ಇಳಿದು ಹೊಳೆಯ ದಂಡೆಗುಂಟ ಎರಡು ಮೈಲಿ ನಡೆದೆವು. ನಾನು ನಡೆದೆ ಎನ್ನುವುದಕ್ಕಿಂತ ತೇಲಿದೆ ಎನ್ನಬೇಕು. ತುಂಗಭದ್ರೆ ತುಂಬಿ, ಸದ್ದಿಲ್ಲದೆ, ಎಲ್ಲಿಗೂ ಹೋಗುವ ತುರ್ತಿಲ್ಲದವಳಂತೆ ಹೋಗುತ್ತಿದ್ದಳು. ನಾಟಿ ಮುಗಿದ ಗದ್ದೆಗಳಲ್ಲಿ ನೀರು ನಿಂತು ಮೋಡಗಳು ಪೈರಿನ ಸಾಲುಗಳ ನಡುವೆ ಹಾದುಹೋಗುತ್ತಿದ್ದವು. ಬದುವಿನ ತುಂಬ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ. ನಾನು ಬಗ್ಗಿದಾಗಲೆಲ್ಲ ಹಾಲೇಶಪ್ಪ "ಅಯ್ಯೋ, ಅದು ಬರೀ ಕಳೆ ಬರ್ರಿ, ಹೊತ್ತಾಗ್ತೈತೆ" ಎಂದು ತೋಳು ಹಿಡಿದು ಎಳೆಯುತ್ತಿದ್ದರು. ಆ ಸೀಮೆಯಲ್ಲಿ ಅದನ್ನು ತಿನ್ನುವವರಿಲ್ಲ. ಕಿತ್ತು ದನಕ್ಕೆ ಹಾಕುವ ಕಳೆ, ಅಷ್ಟೆ. ದಾರಿಬದಿಯ ಸೊಪ್ಪನ್ನು ಮುಟ್ಟಲೂ ಬಿಡದ ಇವರು ಇನ್ನೆಂಥ ಕನ್ನೆ ತೋರಿಸುತ್ತಾರೋ ಎಂದು ನನ್ನ ಕಲ್ಪನೆ ಎಲ್ಲೆಲ್ಲೋ ಹೋಯಿತು. ಮೊಣಕಾಲೆತ್ತರ ಬೆಳೆದ, ಅಂಗೈಯಗಲ ಎಲೆಯ, ಒಂದು ಎಕರೆ ನೀಲಿ ಹೂವು ನನ್ನ ಕಣ್ಣಿಗೆ ಕಟ್ಟಿತ್ತು.

ಹಳ್ಳಿಯ ನಡುವೆ ಶಿವಲಿಂಗಪ್ಪನವರ ಮನೆ. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಮನೆಯ ಯಜಮಾನರಾದ ಅವರು, ಮನೆಯ ಮಕ್ಕಳು ಮಾವ ಎನ್ನುವ, ದೊಡ್ಡ ಮೀಸೆಯ ಅವರ ಭಾವಮೈದುನ, ಜೊತೆಗೆ ಊರಿನ ನಾಲ್ಕಾರು ಹಿರಿಯರು ಎದ್ದು ನಿಂತು ನಮಸ್ಕಾರ ಮಾಡಿದರು. ಕಾಲಿಗೆ ನೀರು ಬಂತು. ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು, ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಸೊಪ್ಪು ಕೇಳಲು ಬಂದವನಿಗೆ ಇಷ್ಟು ಮಾಡುವ ಜನ ಇರುವುದರಿಂದಲೇ ಮಳೆ ಬೆಳೆ ಆಗುತ್ತಿದೆ ಎಂದುಕೊಂಡು ಬಜ್ಜಿಗೆ ಕೈಹಾಕಿದೆ. ನನ್ನ ದಡ್ಡತನಕ್ಕೆ ಆ ಬಜ್ಜಿಯೂ ಸ್ವಲ್ಪ ಮಟ್ಟಿಗೆ ಕಾರಣ. ಬಾಯಿ ತುಂಬಿದಾಗ ನನಗೆ ಬುದ್ಧಿ ಓಡುವುದಿಲ್ಲ.

ಮೀಸೆಯ ಮಾವನವರು ಮೆಲ್ಲಗೆ ಮಾತು ತೆಗೆದರು. "ನಿಮಗೆ ಹೆಂಗಿರಬೇಕು ಅಂತ ಐತೆ? ಬಿಚ್ಚಿ ಹೇಳ್ರಿ, ಸಂಕೋಚ ಬ್ಯಾಡ."

"ಹೆಚ್ಚೇನಿಲ್ಲ" ಎಂದೆ. "ತುಂಬಾ ಬಲಿತಿರಬಾರದು, ಅಷ್ಟೆ. ಬಲಿತದ್ದು ನಮ್ಮ ಅಕ್ಕನಿಗೆ ಸೇರೋದಿಲ್ಲ."

ಶಿವಲಿಂಗಪ್ಪನವರು ಟವೆಲಿನ ಅಂಚನ್ನು ಹೊಸೆಯುತ್ತಾ ತಗ್ಗಿದ ದನಿಯಲ್ಲಿ ಹೇಳಿದರು. "ಸುಳ್ಳು ಯಾಕೆ ಹೇಳಾದು. ಇಪ್ಪತ್ನಾಲ್ಕು ತುಂಬೈತೆ."

ಇಪ್ಪತ್ತನಾಲ್ಕು ಗುಂಟೆ! ಇಪ್ಪತ್ತನಾಲ್ಕು ಗುಂಟೆ ತುಂಬ ಕನ್ನೆ! ನನಗೆ ರೋಮಾಂಚನವಾಯಿತು. "ಇಪ್ಪತ್ನಾಲ್ಕು ತುಂಬಿದ್ದರೆ ಇನ್ನೇನು ಬೇಕು ಯಜಮಾನರೇ! ಅದರಲ್ಲಿ ಎಳೆಯದು ನೋಡಿ ಆರಿಸಿಕೊಂಡರಾಯಿತು."

"ಆರಿಸಾಕೆ ಈ ಮನೇಲಿರಾದು ಒಂದೇ ಕಣ್ರೀ" ಎಂದರು ಮಾವ. ಅವರ ಮೀಸೆ ಅಲುಗುತ್ತಿತ್ತು. ಹಾಲೇಶಪ್ಪ ನನ್ನ ತೊಡೆಯನ್ನು ಚಿವುಟಿದರು. ಬಜ್ಜಿ ಸಾಕೆಂಬ ಸೂಚನೆ ಇರಬೇಕೆಂದು ತಟ್ಟೆ ಕೆಳಗಿಟ್ಟೆ.

ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ತಂದವರು ನನ್ನ ಮುಂದೆ ಬಗ್ಗಿ ನಿಂತರು. ಹಸಿರು ಬಳೆಯ ಎರಡು ಕೈ, ಒಂದು ಹಿತ್ತಾಳೆ ತಟ್ಟೆ, ಅದರಲ್ಲಿ ಲೋಟಗಳು. ಅದೇ ಹೊತ್ತಿಗೆ ಅವರು ಬಂದ ಬಾಗಿಲು ತೆರೆದೇ ಉಳಿದು, ನಡುಮನೆಯನ್ನು ದಾಟಿ, ಹಿತ್ತಲ ಬಾಗಿಲನ್ನು ದಾಟಿ ನನ್ನ ದೃಷ್ಟಿ ಹೋಯಿತು. ಅಲ್ಲಿ ಬಾವಿಯ ಕಟ್ಟೆಯ ಸುತ್ತ, ಬಚ್ಚಲ ನೀರು ಹರಿಯುವ ತಂಪಿನಲ್ಲಿ, ಬೆಳಗಿನ ಬಿಸಿಲಿನಲ್ಲಿ, ನೀಲಿ. ಒಂದೆರಡು ಹೂವಲ್ಲ, ನೂರಾರು. ಗಾಳಿಗೆ ಅವು ಒಟ್ಟಿಗೆ ತಲೆ ಆಡಿಸುತ್ತಿದ್ದವು. ನಾನು ಕೆರೆಬಿಳಚಿಯ ಕಾಲುವೆಯ ಏರಿಯ ಮೇಲಿದ್ದೆ. ಅವ್ವ ಇದ್ದಳು, ಅಕ್ಕ ಲಂಗ ಎತ್ತಿ ಕಟ್ಟಿ ನೀರಿಗಿಳಿದಿದ್ದಳು, ನನಗೆ ಏಳು ವರ್ಷ.

"ನೋಡಿದ್ರೇನ್ರೀ?" ಎಂದು ಯಾರೋ ಬಹಳ ದೂರದಿಂದ ಕೇಳಿದರು.

"ನೋಡಿದೆ" ಎಂದೆ, ಕಣ್ಣು ಕೀಳದೆ. "ಇಲ್ಲಿಂದಲೇ ಕಾಣ್ತದೆ. ಬಹಳ ಚೆನ್ನಾಗಿದೆ."

ಪಡಸಾಲೆಯ ಉಸಿರು ಸಡಿಲವಾಯಿತು. ಶಿವಲಿಂಗಪ್ಪನವರ ಮುಖ ಅರಳಿತು. "ಏನಾದ್ರೂ ಕೇಳೋದಿದ್ರೆ ಕೇಳ್ರಿ ಮತ್ತೆ."

ಕಾಫಿ ಲೋಟ ತೆಗೆದುಕೊಳ್ಳುತ್ತಾ ನಾನು ಅತ್ಯಂತ ಮುಖ್ಯವಾದ ಪ್ರಶ್ನೆಯನ್ನೇ ಕೇಳಿದೆ. "ದನ ಬಾಯಿ ಹಾಕಿಲ್ಲ ತಾನೆ?"

ಹಿತ್ತಾಳೆ ತಟ್ಟೆಯ ಮೇಲಿನ ಲೋಟಗಳು ಕಿಣಿಕಿಣಿ ಎಂದವು. ತಟ್ಟೆ ಹಿಡಿದವಳು ನಗು ತಡೆಯುತ್ತಿದ್ದಳೆಂದು ಈಗ ಗೊತ್ತು. ನನ್ನ ದೃಷ್ಟಿ ಎಲ್ಲಿ ನೆಟ್ಟಿತ್ತೆಂದು ಅವಳು ತಿರುಗಿ ನೋಡಿರಬೇಕು, ನನ್ನ ಪಕ್ಕದ ಖಾಲಿ ಚೀಲವನ್ನೂ ಕಂಡಿರಬೇಕು. ಶಾಂತವಾದ ದನಿ ಕೇಳಿಸಿತು. "ಇಲ್ರೀ. ಹಿತ್ತಲಿಗೆ ದನ ಬರಾಕಿಲ್ಲ." ಆಮೇಲೆ ತಂದೆಯ ಕಡೆಗೆ, "ಅಪ್ಪಾ, ಇವರು ಕೇಳ್ತಿರಾದು ಹಿತ್ತಲಾಗಿರೋ ಕನ್ನೆ ಸೊಪ್ಪು. ನಮ್ಮಜ್ಜಿ ಚನ್ನಗಿರಿ ಕಡೆಯಾಕೆ, ಮಾಡ್ತಿದ್ಳಲ್ಲ, ಅದು."

"ಸೊಪ್ಪಾ?" ಎಂದು ಮಾವ ಎದ್ದರು.

"ಮತ್ತಿನ್ನೇನು?" ಎಂದೆ ನಾನು. ಜೇಬಿನಲ್ಲಿದ್ದ ಅಕ್ಕನ ಕಾರ್ಡನ್ನು ಸಾಕ್ಷಿಗೆಂದು ಶಿವಲಿಂಗಪ್ಪನವರ ಕೈಗೇ ಕೊಟ್ಟೆ. ಅವರು ಓದಿದರು. ನನ್ನ ಮುಖ ನೋಡಿದರು. ಇನ್ನೊಮ್ಮೆ ಓದಿದರು. ವಾಪಸು ಕೊಟ್ಟರು. ಹಾಲೇಶಪ್ಪ ಹಣೆ ಗಟ್ಟಿಸಿಕೊಂಡು ಬೀದಿಗೆ ಹೋದರು. ಮಾವ ಅಂಗಿಯ ತೋಳು ಮಡಿಸುವುದರಲ್ಲಿದ್ದರು, ಅವಳೇ ತಡೆದಳು. "ಇರ್ಲಿ ಬಿಡ್ರಿ ಮಾವ. ಕೇಳ್ಕೊಂಡು ಮನೆಗೆ ಬಂದೋರ್ನ ಬರಿಗೈಲಿ ಕಳಸಬಾರದು. ಬರ್ರಿ, ಕೊಯ್ಕೊಡ್ತೀನಿ."

ಹಿತ್ತಲಲ್ಲಿ ಅರ್ಧ ಗಂಟೆ ಇದ್ದೆವು. ಬಾಗಿಲಲ್ಲಿ ಅವಳ ತಂದೆ ನಿಂತಿದ್ದರು. ಅಷ್ಟು ಸುಖದ ಅರ್ಧ ಗಂಟೆ ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ ಎಂದರೆ ನನ್ನ ಮನೆಯವರು ಬೇಸರ ಮಾಡಿಕೊಳ್ಳಬಾರದು. ಅವಳು ಕೂತು ತುದಿಗಳನ್ನಷ್ಟೇ ಚಿವುಟುತ್ತಿದ್ದಳು. ಚಿವುಟಿದಲ್ಲೆಲ್ಲ ನೀರು ಜಿನುಗಿ ಬೆರಳು ಒದ್ದೆಯಾಗಿ, ಹೂವು ಹತ್ತಿದಲ್ಲಿ ನೀಲಿಯಾಗಿ, ಬಿಸಿಲಿಗೆ ಹೊಳೆಯುತ್ತಿದ್ದವು. ನಾನು ಎದುರಿಗೆ ಕುಕ್ಕರಗಾಲಿನಲ್ಲಿ ಚೀಲದ ಬಾಯಿ ಅಗಲಿಸಿ ಕೂತಿದ್ದೆ. ಅಕ್ಕನಿಗೆ ಬಯಕೆಯೆಂದೂ ತೀರಿಸದಿದ್ದರೆ ಕೂಸಿನ ಕಿವಿ ಸೋರುತ್ತದೆಂದೂ ಹೇಳಿದೆ. ಬಣ್ಣ ಆಕಾಶಕ್ಕೆ ಹೋಗುವುದನ್ನೂ ಹೇಳಿದೆ. ಅವಳು ಒಂದು ಗಿಡವನ್ನು ಬೇರು ಸಮೇತ ಎಳೆದು ಮಣ್ಣು ಕೊಡವಿ ತೋರಿಸಿದಳು. "ಇಲ್ಲಿ ನೋಡ್ರಿ. ಮಣ್ಣಿನ ಒಳಗೂ ಇದಕ್ಕೆ ಮೊಗ್ಗು ಐತೆ. ಇವು ಅರಳಾಕಿಲ್ಲ. ಒಳಗೇ ಇದ್ದು ಬೀಜ ಆಗ್ತಾವ." ಬೆಳ್ಳಗಿನ ಎಳೆಗಳಲ್ಲಿ ಮುಚ್ಚಿದ ಪುಟ್ಟ ಮೊಗ್ಗುಗಳಿದ್ದವು. ಅಷ್ಟು ವರ್ಷ ಕನ್ನೆ ತಿಂದವನಿಗೆ ಇದು ಗೊತ್ತಿರಲಿಲ್ಲ. ಬಹಳ ಹೊತ್ತು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ.

ಚೀಲ ತುಂಬಿತು. ಒದ್ದೆ ಟವೆಲ್ಲನ್ನು ಅವಳೇ ಮೇಲೆ ಹೊದಿಸಿ ನನ್ನ ಕಡೆ ಸರಿಸಿದಳು. "ಬಲಿತಿಲ್ಲ. ಒಂದ್ಸಲ ನೋಡ್ಕಳ್ರಿ" ಎಂದಳು.

ನಾನು ಒಂದು ದಂಟು ತೆಗೆದು ಉಗುರಿನಿಂದ ಒತ್ತಿ ನೋಡಿದೆ. "ಹೌದು, ಎಳೆಯದೇ" ಎಂದೆ.

ಹೊನ್ನಾಳಿಯ ಬಸ್ ಸ್ಟ್ಯಾಂಡಿನವರೆಗೆ ಹಾಲೇಶಪ್ಪ ತುಟಿ ಬಿಚ್ಚಲಿಲ್ಲ. ಬಿಸಿಲಿಗೆ ಸುಸ್ತಾಗಿದ್ದಾರೆಂದು ಸೋಡಾ ಕುಡಿಸಲು ಹೋದೆ, ಬೇಡವೆಂದರು. ದಾವಣಗೆರೆಗೆ ಹೋಗಿ ಅಲ್ಲಿಂದ ಜಗಳೂರಿನ ಬಸ್ಸು ಹಿಡಿದು, ಚೀಲವನ್ನು ಮಡಿಲಲ್ಲಿ ಕೂರಿಸಿಕೊಂಡು, ನಿಂತಲ್ಲೆಲ್ಲ ಇಳಿದು ಟವೆಲಿಗೆ ನೀರು ಹಾಕುತ್ತಾ, ಅರೆನಿದ್ದೆಯಲ್ಲಿ ನೀಲಿ ಬೆರಳುಗಳನ್ನು ಕಾಣುತ್ತಾ ದೀಪ ಹಚ್ಚುವ ಹೊತ್ತಿಗೆ ಅಕ್ಕನ ಮನೆ ಸೇರಿದೆ. ಅಕ್ಕ ಸೊಂಟಕ್ಕೆ ಕೈಕೊಟ್ಟು ಬಾಗಿಲಲ್ಲೇ ನಿಂತಿದ್ದಳು.

"ನೋಡಿದ್ಯಾ? ಮನಸಿಗೆ ಬಂತೇನೋ?"

"ನೋಡಿದ್ದೇನು, ತಂದೇಬಿಟ್ಟೆ!" ಎಂದು ಚೀಲವನ್ನು ಅವಳ ಕಾಲ ಬುಡದಲ್ಲಿಟ್ಟು ಟವೆಲು ತೆಗೆದೆ.

ಅಕ್ಕ ಚೀಲ ನೋಡಿದಳು. ನನ್ನನ್ನು ನೋಡಿದಳು. ಹೊಸ್ತಿಲ ಮೇಲೆ ಕುಸಿದು ಕೂತು ನಗಲು ಶುರು ಮಾಡಿದಳು. ನಗು ಎಲ್ಲಿಗೆ ಹೋಯಿತೆಂದರೆ ಒಳಗಿದ್ದ ಭಾವ ಹೆರಿಗೆ ನೋವೇ ಬಂತೆಂದು ಪಂಚೆ ಕಟ್ಟಿಕೊಳ್ಳುತ್ತಾ ಓಡಿಬಂದರು. "ಲೋ ಕನ್ನೆ ಅಂದ್ರೆ ಹೆಣ್ಣು ಕಣೋ, ಹೆಣ್ಣು! ನಿನಗೆ ಹೆಣ್ಣು ನೋಡಾಕೆ ಕಳಿಸಿದ್ದೆ! ನನ್ನ ಬಾಣಂತನ ಬರೋದ್ರಾಗೆ ನಿನ್ನ ಮದುವೆ ಮುಗಿಸಾಣ ಅಂತ!"

ನಮ್ಮ ಊರಿನಲ್ಲಿ ಹೆಣ್ಣು ನೋಡುವುದಕ್ಕೆ ಹೆಣ್ಣು ನೋಡುವುದೆಂದೇ ಹೇಳುತ್ತಾರೆ. ಕನ್ನೆ ಎಂದರೆ ನಮಗೆ ಸೊಪ್ಪು, ಬೇರೆ ಅರ್ಥವೇ ಇಲ್ಲ. ಅಕ್ಕನ ಗಂಡನ ಮನೆಯ ಕಡೆಯವರು ಮಾತ್ರ ಕನ್ಯೆ ನೋಡುತ್ತಿದ್ದರು, ಆಡುವಾಗ ಅದು ಕನ್ನೆ ಎಂದೇ ಕೇಳಿಸುತ್ತಿತ್ತು. ಆರು ವರ್ಷದಲ್ಲಿ ಅಕ್ಕ ಅವರ ಮಾತು ಕಲಿತಿದ್ದಳು, ಅದರ ಯ ಒತ್ತನ್ನು ಮಾತ್ರ ಕಲಿತಿರಲಿಲ್ಲ. ಪೋಸ್ಟ್‌ಮ್ಯಾನ್‌ನಿಂದ ಹಿಡಿದು ಬಾಷಾ ಸಾಹೇಬರವರೆಗೆ ಆ ಕಾರ್ಡು ಎಲ್ಲರಿಗೂ ಸರಿಯಾಗಿ ಅರ್ಥವಾಗಿತ್ತು. ಅರ್ಥವಾಗದೆ ಉಳಿದವನೆಂದರೆ ವಿಳಾಸದಲ್ಲಿ ಹೆಸರಿದ್ದವನೊಬ್ಬನೇ.

ನಾನೂ ನಗಲು ನೋಡಿದೆ. ಅಕ್ಕ ಕಣ್ಣೊರೆಸಿಕೊಂಡು "ಏನೇನು ಮಾತಾಡಿದ್ಯೋ, ಹೇಳು" ಎಂದಳು. ಹೇಳುತ್ತಾ ಬಂದೆ. ಬಲಿತಿರಬಾರದು ಎಂದದ್ದನ್ನು ಹೇಳಿದಾಗ ಅವಳ ನಗು ನಿಂತಿತು. "ಆ ಹುಡುಗಿ ಹೆಸರು ಸುಶೀಲ" ಎಂದಳು. "ಮೂರು ಜನ ಬಂದು ನೋಡಿ, ವಯಸ್ಸಾಗೈತೆ ಅಂತ ಬಿಟ್ಟು ಹೋಗಿದಾರೆ. ಇಪ್ಪತ್ನಾಲ್ಕಂತೆ."

ಅಷ್ಟು ಹೊತ್ತು ನನ್ನದೆಂದುಕೊಂಡಿದ್ದ ಆ ಬೆಳಗು ಒಂದೊಂದೇ ಮಾತಾಗಿ ತಿರುಗಿ ನಿಂತಿತು. ಬಲಿತದ್ದು ಸೇರೋದಿಲ್ಲ. ಎಳೆಯದು ನೋಡಿ ಆರಿಸಿಕೊಂಡರಾಯಿತು. ಬಾಗಿಲ ಹಿಂದೆ ತಟ್ಟೆ ಹಿಡಿದು ನಿಂತು ಅವಳು ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಆಮೇಲೆ ಹೊರಗೆ ಬಂದು, ತನ್ನ ಅಪ್ಪನ ಮಾನವನ್ನೂ ನನ್ನ ಹಲ್ಲುಗಳನ್ನೂ ಉಳಿಸಿ, ಬಿಸಿಲಲ್ಲಿ ಕೂತು ಒಂದು ಚೀಲ ಸೊಪ್ಪು ಕೊಯ್ದು ಕೊಟ್ಟಿದ್ದಳು. ಬಲಿತಿಲ್ಲ, ಒಂದ್ಸಲ ನೋಡ್ಕಳ್ರಿ ಎಂದೂ ಹೇಳಿದ್ದಳು. ನಾನು ದಂಟು ನೋಡಿದ್ದೆ. ನನಗೆ ಅಳು ಬಂತು, ಮುಚ್ಚಿಡುವುದೇನು, ಅಕ್ಕನ ಮುಂದೆ ಅತ್ತೆ. ಅವತ್ತಿನ ಆ ಸೊಪ್ಪು ನನ್ನ ಗಂಟಲಲ್ಲಿ ಇಳಿಯಲಿಲ್ಲ. ಅಕ್ಕ ಮಾತ್ರ ಮೂರು ರೊಟ್ಟಿಯ ತುಂಬ ಹಾಕಿಸಿಕೊಂಡು ತಿಂದಳು. ಬಯಕೆ ಇದ್ದದ್ದೇನೋ ನಿಜವೇ ಆಗಿತ್ತು.

ಭಾವ ಮರುದಿನವೇ ಶಿವಲಿಂಗಪ್ಪನವರಿಗೆ ನಾಲ್ಕು ಪುಟದ ಕಾಗದ ಬರೆದರು. ಹುಡುಗ ದಡ್ಡನೇ ಹೊರತು ಕೆಟ್ಟವನಲ್ಲ, ತಪ್ಪಾಯಿತು, ಇನ್ನೊಮ್ಮೆ ಬರಲು ಅಪ್ಪಣೆ ಕೊಡಬೇಕು ಎಂದು. ಅವರ ಉತ್ತರ ಹದಿನೈದು ದಿನಕ್ಕೆ ಬಂತು. ಆ ಹದಿನೈದು ದಿನ ನಾನು ಯಾವ ದನಕ್ಕೆ ಯಾವ ಔಷಧಿ ಕುಡಿಸಿದೆನೋ ಆ ದನಗಳಿಗೇ ಗೊತ್ತು. ಕಾರ್ಡಿನಲ್ಲಿ ಹೀಗಿತ್ತು: "ನಮಗೆ ಸಿಟ್ಟಿಲ್ಲ. ಹುಡುಗಿಯನ್ನು ಕೇಳಿದೆವು. ಅವರು ಸೊಪ್ಪು ನೋಡಾಕೆ ಬಂದಿದ್ದರು, ಸೊಪ್ಪು ನೋಡಿಕೊಂಡು ಹೋದರು, ಅರ್ಧ ಗಂಟೆ ಎದುರಿಗೇ ಕೂತಿದ್ದರೂ ನನ್ನ ಮುಖ ನೋಡಲಿಲ್ಲ, ಇನ್ನು ಜಲ್ಮವೆಲ್ಲ ಎದುರಿಗೆ ಕೂತರೆ ನೋಡ್ತಾರೇನು ಎಂದು ಕೇಳುತ್ತಾಳೆ. ನಮ್ಮಲ್ಲಿ ಇದಕ್ಕೆ ಉತ್ತರವಿಲ್ಲ. ನಿಮ್ಮಲ್ಲಿದ್ದರೆ ತಿಳಿಸಿ."

ನಮ್ಮಲ್ಲೂ ಇರಲಿಲ್ಲ. ಅವಳ ಮುಖ ನೆನಪಿಗೆ ತಂದುಕೊಳ್ಳಲು ಎಷ್ಟು ಒದ್ದಾಡಿದೆನೋ! ಕಣ್ಣು ಮುಚ್ಚಿದರೆ ಹಸಿರು ಬಳೆ, ನೀಲಿ ಬೆರಳು, ಮಣ್ಣಿನ ಮೊಗ್ಗು ಎಲ್ಲ ಬರುತ್ತಿದ್ದವು, ಅದರಾಚೆಗೆ ಬರೀ ಬಿಸಿಲು. ಮುಂದಿನ ವರ್ಷ ಅವಳ ಮದುವೆಯಾಯಿತೆಂದು ಹಾಲೇಶಪ್ಪ ಹೇಳಿದರು. ಸಂತೋಷಪಟ್ಟೆ, ಸಂಕಟವನ್ನೂ ಪಟ್ಟೆ. ಆಮೇಲೆ ಏಳು ಕಡೆ ಹೆಣ್ಣು ನೋಡಿದೆ. ಪಾಠ ಕಲಿತಿದ್ದರಿಂದ ರೆಪ್ಪೆ ಬಡಿಯದೆ ನೋಡಿದೆ, ಅದನ್ನು ಕಂಡು ಎರಡು ಕಡೆಯವರು ಹೆದರಿಕೊಂಡರು. ಏಳು ಮಂದಿಯಲ್ಲಿ ಒಬ್ಬರೂ ನನಗೆ ಸೊಪ್ಪು ಹಾಕಲಿಲ್ಲ. ಎಂಟನೆಯವಳು ಒಪ್ಪಿದಳು. ಅವಳಿಗೆ ಈ ಕತೆಯೆಲ್ಲ ಗೊತ್ತು. ಕೇಳಿದಾಗ "ಸುಶೀಲಮ್ಮ ಪುಣ್ಯವಂತೆ" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದಳು.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಸಂಜೆ ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ ನ್ಯಾಮತಿಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಶಿವಮೊಗ್ಗದ ಬಸ್ಸು ಹೊರಡಲು ನಿಂತಿತ್ತು. ಅದರ ಕಿಟಕಿಯಿಂದ ಒಂದು ಹೆಣ್ಣು ದನಿ ಕೇಳಿಸಿತು. "ನೀವು ಚೀಲದೋರಲ್ವೇನ್ರೀ?"

"ಯಾರು... ಗೊತ್ತಾಗಲಿಲ್ಲ" ಎಂದೆ, ಗೊತ್ತಾಗಿದ್ದರೂ.

"ಗೊತ್ತಾಗಾಕಿಲ್ಲ ಬಿಡ್ರಿ. ನೋಡಿದ್ರೆ ತಾನೆ ಗೊತ್ತಾಗಾದು" ಎಂದು ಆಕೆ ನಕ್ಕರು. ಕೋಪವಿಲ್ಲದ, ಸುಖವಾಗಿರುವವರ ನಗು. "ನಿಮ್ಮಕ್ಕನ ಕೂಸಿನ ಕಿವಿ ಚೆಂದ ಐತೇನು?"

"ಐತೆ, ಚೆನ್ನಾಗೈತೆ" ಎಂದೆ. ಮುಖ ನೋಡಲು ನಾಚಿಕೆಯಾಗಿ ತಲೆ ತಗ್ಗಿಸಿದ್ದೆ. ಹೇಳಬೇಕಾದದ್ದು ಎಷ್ಟೋ ಇತ್ತು. ಕ್ಷಮಿಸಿ ಎಂದಾದರೂ ಅನ್ನಬೇಕಿತ್ತು. ಕಿಟಕಿಯ ಸರಳಿನ ಮೇಲೆ ಅವರ ಕೈ ಇತ್ತು, ಆ ಕೈಗೆ ತೂಗುಹಾಕಿದ್ದ ಬುಟ್ಟಿಯಿಂದ ಏನೋ ಸೊಪ್ಪು ಹೊರಗೆ ಇಣುಕುತ್ತಿತ್ತು. ಸಣ್ಣ ಎಲೆ, ದುಂಡಗೆ, ತುದಿ ಬಾಡಿತ್ತು. ಇದು ಯಾವುದಿರಬಹುದು ಎಂದು ಒಂದೇ ಒಂದು ಕ್ಷಣ ಬಗ್ಗಿ ನೋಡಿದೆ. ಕಂಡಕ್ಟರ್ ಸೀಟಿ ಊದಿದ್ದು ಕೇಳಿಸಿತು. ತಲೆ ಎತ್ತುವಷ್ಟರಲ್ಲಿ ಬಸ್ಸು ತಿರುವು ದಾಟಿ, ಧೂಳು ಮಾತ್ರ ಉಳಿದಿತ್ತು.

ಮೆಂತ್ಯ ಸೊಪ್ಪು ಅದು.